ಬೂಸ್ಟಿಗೆ ಒಂದೇ ಅಂಕಿ ಸಾಲದು

ಕಾರನ್ನು ಮಾರ್ಪಡಿಸುವ ಹವ್ಯಾಸವುಳ್ಳ ತರುಣರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು: ಕಾರ್ಖಾನೆಯಿಂದ ಬಂದ ಟರ್ಬೋಚಾರ್ಜರನ್ನೇ ಇಟ್ಟುಕೊಂಡು ಬೂಸ್ಟನ್ನು ಎಷ್ಟು ಪೌಂಡಿನವರೆಗೆ ಏರಿಸಬಹುದು? ಇದಕ್ಕೆ ಥಟ್ಟನೆ ಒಂದು ಅಂಕಿಯನ್ನು ಹೇಳುವವರ ಮಾತನ್ನು ನಂಬಬಾರದೆಂಬುದು ನನ್ನ ಅಭಿಪ್ರಾಯ.

ಸಿಲಿಂಡರಿನಲ್ಲಿ ಉರಿಯುವುದು ಒತ್ತಡವಲ್ಲ. ಗಾಳಿ ಮತ್ತು ಇಂಧನ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ಬುಡವನ್ನು ಮುಟ್ಟಿ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕಾದ ಗಾಳಿ ಹಿಗ್ಗುವುದರಿಂದ, ಒತ್ತಡ ಏರಿದಷ್ಟೇ ಪ್ರಮಾಣದಲ್ಲಿ ಗಾಳಿ ಒಳಸೇರುವುದಿಲ್ಲ.

ಲೆಕ್ಕ ಹಾಕೋಣ. 27 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ, ಅಂದರೆ ಮಾಪಕದಲ್ಲಿ ಚದರಂಗುಲಕ್ಕೆ ಸುಮಾರು 15 ಪೌಂಡಿಗೆ, ಏರಿಸಿದೆವೆನ್ನಿ. ಟರ್ಬೋವಿನ ದಕ್ಷತೆ ನೂರಕ್ಕೆ 75 ಇದ್ದರೆ ಗಾಳಿ ಸುಮಾರು 115 ಡಿಗ್ರಿಗೆ ಕಾಯುತ್ತದೆ, ಸಾಂದ್ರತೆ 1.55 ಪಟ್ಟಾಗುತ್ತದೆ. ಅದೇ ಚಿಕ್ಕ ಟರ್ಬೋವನ್ನು 22 ಪೌಂಡಿಗೆ ದಬ್ಬಿದಾಗ ದಕ್ಷತೆ 55ಕ್ಕೆ ಕುಸಿಯಿತೆಂದುಕೊಳ್ಳಿ. ಗಾಳಿಯ ಉಷ್ಣತೆ 190 ಡಿಗ್ರಿ ಮುಟ್ಟುತ್ತದೆ. ಸಾಂದ್ರತೆ ಮಾತ್ರ 1.62 ಪಟ್ಟು! ಏಳು ಪೌಂಡು ಹೆಚ್ಚಾಗಿ ಒತ್ತಿದ್ದಕ್ಕೆ ದೊರೆತದ್ದು ನೂರಕ್ಕೆ ಐದರಷ್ಟು ಗಾಳಿ, ಜೊತೆಗೆ 75 ಡಿಗ್ರಿ ಕಾವು. ಇಂಟರ್‌ಕೂಲರು ಈ ಕಾವನ್ನು ತಕ್ಕಮಟ್ಟಿಗೆ ಇಳಿಸುವುದು ನಿಜ. ಆದರೆ ಅದರ ಅಳತೆಗೂ ಒಂದು ಮಿತಿಯುಂಟು.

ಪೆಟ್ರೋಲ್ ಎಂಜಿನಿನಲ್ಲಿ ಈ ಕಾವೇ ಶತ್ರು. ಜ್ವಾಲೆ ತಲಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಬಡಿತ ತೀವ್ರವಾದರೆ ಪಿಸ್ಟನ್ ಒಡೆಯುತ್ತದೆ. 1962ರಲ್ಲಿ ಅಮೆರಿಕದಲ್ಲಿ ಹೊರಬಂದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರಿನ ಬೂಸ್ಟ್ ಬರೀ 5 ಪೌಂಡು. ಎಂಜಿನಿನ ಸಂಪೀಡನ ಅನುಪಾತ 10.25 ಆಗಿದ್ದುದರಿಂದ, ಅಷ್ಟಕ್ಕೇ ನೀರು ಮತ್ತು ಮೆಥನಾಲಿನ ದ್ರವವನ್ನು ಸಿಂಪಡಿಸಿ ಬಡಿತವನ್ನು ತಡೆಯಬೇಕಾಯಿತು. ಹೀಗಿರುವಾಗ ಎಲ್ಲ ಎಂಜಿನುಗಳಿಗೂ ಒಪ್ಪುವ ಅಂಕಿ ಎಲ್ಲಿಂದ ಬಂದೀತು?

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಮಾಪಕದಲ್ಲಿ ಅದೇ 15 ಪೌಂಡನ್ನು ತೋರಿಸಲು ಅಲ್ಲಿಯ ಟರ್ಬೋ ಮಂಗಳೂರಿನಲ್ಲಿರುವುದಕ್ಕಿಂತ ವೇಗವಾಗಿ ತಿರುಗಬೇಕು.

ತಯಾರಕರು ಶಕ್ತಿಯನ್ನು ಬಚ್ಚಿಟ್ಟಿದ್ದಾರೆಂದು ಕೆಲವರು ವಾದಿಸುತ್ತಾರೆ. ಸ್ವಲ್ಪ ಅವಕಾಶವನ್ನು ಉಳಿಸಿರುವುದು ಸುಳ್ಳಲ್ಲ. ಆದರೆ ಅದು ಖಾಲಿ ಬಿದ್ದ ನಿವೇಶನವಲ್ಲ. ಬೇಸಗೆಯ ಬಿಸಿಲಿಗೆ, ಘಟ್ಟದ ಏರಿಗೆ, ಕಳಪೆ ಪೆಟ್ರೋಲಿಗೆ ಮೀಸಲಿಟ್ಟ ಸ್ಥಳ. ಆದುದರಿಂದ ಬೂಸ್ಟ್ ಏರಿಸಲೇಬೇಕೆನ್ನುವವರು ಒಂದೊಂದೇ ಪೌಂಡನ್ನು ಸೇರಿಸಿ, ಎಂಜಿನನ್ನು ಹೊಗುವ ಗಾಳಿಯ ಉಷ್ಣತೆಯನ್ನೂ ಬಡಿತವನ್ನೂ ಅಳೆಯಲಿ. ಬಡಿತ ತೋರಿದೊಡನೆ, ಇಲ್ಲವೇ ಕಾವು ಏರಿಯೂ ಶಕ್ತಿ ಹೆಚ್ಚದಿದ್ದಾಗ, ಕೂಡಲೇ ಹಿಂದಿನ ಅಂಕಿಗೆ ಮರಳಲಿ.