ಶೇ 41ರ ಲೆಕ್ಕ, ಎರಡು ಪೈಸೆಯ ಪಾಲು

‘ರಾಜ್ಯಗಳಿಗೆ ಶೇ 41ರಷ್ಟು ತೆರಿಗೆ ಕೊಡುತ್ತಿದ್ದೇವೆ, ಇನ್ನೆಷ್ಟು ಬೇಕು?’ ಎಂಬ ಮಾತನ್ನು ಕೇಂದ್ರದ ಸಮರ್ಥಕರು ಇನ್ನಾದರೂ ನಿಲ್ಲಿಸಬೇಕು. ಅದು ಜನರ ಕಣ್ಣಿಗೆ ಮಣ್ಣೆರಚುವ ಮಾತು. 15ನೇ ಹಣಕಾಸು ಆಯೋಗ ಹೇಳಿದ ಶೇ 41, ಕೇಂದ್ರ ವಸೂಲಿ ಮಾಡುವ ಒಟ್ಟು ತೆರಿಗೆಗೆ ಅನ್ವಯಿಸುವುದಿಲ್ಲ. ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ಮೊದಲೇ ತೆಗೆದಿಟ್ಟುಕೊಂಡು, ಉಳಿದದ್ದಕ್ಕೆ ಮಾತ್ರ ಅನ್ವಯಿಸುತ್ತದೆ. ಏನನ್ನು ತೆಗೆದಿಟ್ಟುಕೊಳ್ಳಬೇಕು ಎಂಬುದನ್ನು ಕೇಂದ್ರ ಒಂದೇ ನಿರ್ಧರಿಸುತ್ತದೆ. ಯಾವ ರಾಜ್ಯವನ್ನೂ ಅದು ಕೇಳಬೇಕಿಲ್ಲ, ಹಣಕಾಸು ಆಯೋಗದ ಒಪ್ಪಿಗೆಯೂ ಬೇಕಿಲ್ಲ. ಪಾಲು ಹಾಕುವ ಮೊದಲೇ ರಾಶಿಯಿಂದ ಬೇಕಾದಷ್ಟು ಎತ್ತಿಟ್ಟುಕೊಂಡವನು ‘ಪಾಲು ಸರಿಯಾಗಿಯೇ ಹಾಕಿದ್ದೇನೆ’ ಎಂದರೆ ಯಾವ ರೈತನೂ ಒಪ್ಪಲಾರ.

ಇದಕ್ಕೆ ಪೆಟ್ರೋಲ್‌ಗಿಂತ ದೊಡ್ಡ ಸಾಕ್ಷಿ ಬೇಡ. 2021ರ ಫೆಬ್ರುವರಿಯ ಬಜೆಟ್‌ಗೆ ಮುನ್ನ ಒಂದು ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಸುಂಕ 32 ರೂಪಾಯಿ 98 ಪೈಸೆ. ಬಜೆಟ್‌ನ ನಂತರ 32 ರೂಪಾಯಿ 90 ಪೈಸೆ. ಬಂಕ್‌ನಲ್ಲಿ ಹಣ ತೆತ್ತವನಿಗೆ ಏನೂ ಬದಲಾಗಲಿಲ್ಲ. ಆದರೆ ಒಳಗಿನ ಲೆಕ್ಕ ಬದಲಾಗಿತ್ತು. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕವನ್ನು 2.98 ರೂಪಾಯಿಯಿಂದ 1.40ಕ್ಕೆ ಇಳಿಸಿ, ಹಂಚಬೇಕಿಲ್ಲದ ಕೃಷಿ ಮೂಲಸೌಕರ್ಯ ಸೆಸ್ ಎಂದು 2.50 ರೂಪಾಯಿಯನ್ನು ಹೊಸದಾಗಿ ಸೇರಿಸಲಾಯಿತು. ಉಳಿದದ್ದರಲ್ಲಿ 18 ರೂಪಾಯಿ ರಸ್ತೆ ಸೆಸ್, 11 ರೂಪಾಯಿ ವಿಶೇಷ ಹೆಚ್ಚುವರಿ ಸುಂಕ. ಇವೆರಡರಲ್ಲೂ ರಾಜ್ಯಗಳಿಗೆ ಬಿಡಿಗಾಸಿಲ್ಲ. ಈಗ ಪಾಲು ಲೆಕ್ಕ ಹಾಕಿ. 1.40 ರೂಪಾಯಿಯ ಶೇ 41 ಎಂದರೆ 57 ಪೈಸೆ. ಅದು ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಕರ್ನಾಟಕಕ್ಕೆ ಅದೇ ಆಯೋಗ ನಿಗದಿಪಡಿಸಿದ ಪಾಲು ಶೇ 3.647. ಅಂದರೆ ದೇಶದಲ್ಲಿ ಎಲ್ಲೇ ಒಂದು ಲೀಟರ್ ಪೆಟ್ರೋಲ್ ಮಾರಾಟವಾಗಲಿ, ಕೇಂದ್ರ ಪಡೆದ 32 ರೂಪಾಯಿ 90 ಪೈಸೆಯಲ್ಲಿ ಕರ್ನಾಟಕಕ್ಕೆ ದಕ್ಕಿದ್ದು ಎರಡು ಪೈಸೆ. ಶೇ 41ರ ಔದಾರ್ಯದ ಬಗ್ಗೆ ಭಾಷಣ ಮಾಡುವವರು ಈ ಎರಡು ಪೈಸೆಗೆ ಮೊದಲು ಉತ್ತರ ಹೇಳಲಿ.

ಸೆಸ್ ಎಂಬುದು ನಿರ್ದಿಷ್ಟ ಉದ್ದೇಶಕ್ಕೆ ಎತ್ತುವ ಹಣ, ಅದನ್ನು ಹಂಚಲಾಗದು ಎಂಬುದು ಅವರ ಸಿದ್ಧ ಉತ್ತರ. ಉದ್ದೇಶಕ್ಕೇ ಖರ್ಚಾಗಿದ್ದರೆ ಆ ಮಾತಿಗೆ ಬೆಲೆ ಇರುತ್ತಿತ್ತು. 2018–19ರಲ್ಲಿ ಸೆಸ್ ಮತ್ತಿತರ ಕರಗಳಿಂದ ಬಂದ ಸುಮಾರು 2.74 ಲಕ್ಷ ಕೋಟಿ ರೂಪಾಯಿಯಲ್ಲಿ ಆಯಾ ಉದ್ದೇಶದ ನಿಧಿಗಳಿಗೆ ಸೇರಿದ್ದು 1.64 ಲಕ್ಷ ಕೋಟಿ ಮಾತ್ರ ಎಂದು ಸಿಎಜಿಯೇ ಸಂಸತ್ತಿಗೆ ವರದಿ ಕೊಟ್ಟಿದೆ. ಜಿಎಸ್‌ಟಿಯಿಂದ ರಾಜ್ಯಗಳಿಗಾಗುವ ನಷ್ಟ ತುಂಬಲೆಂದೇ ಎತ್ತಿದ ಪರಿಹಾರ ಸೆಸ್‌ನಲ್ಲೂ ಮೊದಲ ಎರಡು ವರ್ಷಗಳಲ್ಲಿ 47,272 ಕೋಟಿ ರೂಪಾಯಿ ಸಂಬಂಧಪಟ್ಟ ನಿಧಿಗೆ ಹೋಗದೆ ಕೇಂದ್ರದ ಖಜಾನೆಯಲ್ಲೇ ಉಳಿಯಿತು. ಹೆಸರು ಒಂದರದ್ದು, ಬಳಕೆ ಇನ್ನೊಂದಕ್ಕೆ. ಹಾಗಾದ ಮೇಲೆ ಅದನ್ನು ಸೆಸ್ ಎನ್ನುವುದೇ ಸುಳ್ಳು. ಅದು ರಾಜ್ಯಗಳಿಗೆ ಪಾಲು ಕೊಡದೆ ಎತ್ತುವ ತೆರಿಗೆ, ಅಷ್ಟೆ.

ಇನ್ನೊಂದು ವಾದ ಇದಕ್ಕಿಂತ ಅಗ್ಗದ್ದು. ಗ್ಯಾರಂಟಿಗಳಿಗೆ ಹಣ ಸುರಿದು ಖಜಾನೆ ಬರಿದು ಮಾಡಿಕೊಂಡ ಕರ್ನಾಟಕ ಈಗ ದೆಹಲಿಯನ್ನು ದೂರುತ್ತಿದೆಯಂತೆ. 2021ರ ಫೆಬ್ರುವರಿಯಲ್ಲಿ ಯಾವ ಗ್ಯಾರಂಟಿ ಇತ್ತು? ಗ್ಯಾರಂಟಿಗಳಲ್ಲಿ ಮೊದಲು ಜಾರಿಯಾದ ಶಕ್ತಿ ಯೋಜನೆ ಶುರುವಾದದ್ದೇ 2023ರ ಜೂನ್‌ನಲ್ಲಿ. ಪಾಲು ಕತ್ತರಿಸಿದ ದಿನ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಒಂದೇ ಪಕ್ಷದ ಸರ್ಕಾರವಿತ್ತು. ಅಂದು ತುಟಿ ಬಿಚ್ಚದವರು ಇಂದು ಮಿತವ್ಯಯದ ಪಾಠ ಹೇಳಲು ಬರಬಾರದು. ಮಿತವ್ಯಯದ ಮಾತೇ ಬಂದರೆ, ವಿತ್ತೀಯ ಹೊಣೆಗಾರಿಕೆಗೆ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ, 2002ರಲ್ಲಿ. ಕೇಂದ್ರದ ಕಾಯ್ದೆ ಬಂದದ್ದು ಮರುವರ್ಷ. ರಾಜ್ಯಗಳ ವಾರ್ಷಿಕ ಸಾಲಕ್ಕೆ ಆಂತರಿಕ ಉತ್ಪನ್ನದ ಶೇ 3ರ ಗೆರೆ ಎಳೆದು, ಆ ಗೆರೆಯನ್ನು ತಾನು ವರ್ಷ ವರ್ಷವೂ ದಾಟುತ್ತ ಬಂದಿರುವುದು ಕೇಂದ್ರವೇ. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಉಳಿದ ದೊಡ್ಡ ತೆರಿಗೆಗಳೆಂದರೆ ಇಂಧನ, ಮದ್ಯ, ವಾಹನ, ಮುದ್ರಾಂಕ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಅದರ ಹೊರೆ ಜನರ ಮೇಲೆ ಬಿದ್ದದ್ದು ನಿಜ, ಅದನ್ನು ಟೀಕಿಸುವುದೂ ಸರಿಯೇ. ಆದರೆ ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿದವರಿಗೆ ಆ ಟೀಕೆಯ ನೈತಿಕ ಹಕ್ಕಿಲ್ಲ.

ಎಲ್ಲಕ್ಕಿಂತ ಸಿಟ್ಟು ತರಿಸುವುದು, ಪಾಲು ಕೇಳಿದ ಕೂಡಲೇ ‘ಬಿಹಾರದ ಬಡವರಿಗೆ ಕೊಡಲು ನಿಮಗೆ ಹೊಟ್ಟೆಕಿಚ್ಚು’ ಎಂದು ಕನ್ನಡಿಗರ ಮೇಲೆ ಹೊರಿಸುವ ಆರೋಪ. ಬಡ ರಾಜ್ಯಕ್ಕೆ ಹೆಚ್ಚು ಸಿಗಬೇಕು, ಅದು ಒಕ್ಕೂಟದ ಧರ್ಮ. ಹಾಗಾದರೆ ಬಿಹಾರದ ಲೆಕ್ಕವನ್ನೂ ಹಾಕೋಣ. ಆ 32 ರೂಪಾಯಿ 90 ಪೈಸೆಯೂ ಹಂಚಿಕೆಯ ತೆರಿಗೆಯಾಗಿದ್ದರೆ ಪ್ರತಿ ಲೀಟರ್‌ಗೆ ಕರ್ನಾಟಕಕ್ಕೆ 49 ಪೈಸೆ ಬರುತ್ತಿತ್ತು. ಆಗ ಶೇ 10.058ರ ಪಾಲಿದ್ದ ಬಿಹಾರಕ್ಕೆ 1 ರೂಪಾಯಿ 36 ಪೈಸೆ ಬರುತ್ತಿತ್ತು. ಅದಕ್ಕೆ ಸಿಕ್ಕಿದ್ದು ಆರು ಪೈಸೆಗೂ ಕಡಿಮೆ. ಅಂದರೆ ಸೆಸ್ ನೀತಿಯಿಂದ ನಮಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಕಳೆದುಕೊಂಡದ್ದು ಬಿಹಾರ. ಉತ್ತರ ಪ್ರದೇಶ ಕಳೆದುಕೊಂಡದ್ದು ಅದಕ್ಕಿಂತಲೂ ಹೆಚ್ಚು. ಬಡವರ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸುವವರು ಆ ಬಡವರ ಪಾಲನ್ನೂ ಬಿಟ್ಟಿಲ್ಲ. ದಕ್ಷಿಣ–ಉತ್ತರ ಎಂದು ನಾವು ಕಾದಾಡುವಷ್ಟು ಕಾಲವೂ ಈ ಸತ್ಯ ಮರೆಯಲ್ಲೇ ಇರುತ್ತದೆ.

ಆದ್ದರಿಂದ 15ನೇ ಆಯೋಗ ಕರ್ನಾಟಕಕ್ಕೆ ಕೊಟ್ಟದ್ದು ಶೇ 3.647 ಏಕೆ, ಅದರ ಹಿಂದಿನ ಶೇ 4.713 ಏಕೆ ಹೋಯಿತು ಎಂದು ಮಾತ್ರ ಕೂಗಿದರೆ ಸಾಲದು. ಆ ಅನ್ಯಾಯ ನಿಜ, ಆದರೆ ಹಂಚುವ ಮೊತ್ತವನ್ನೇ ಕುಗ್ಗಿಸುವ ಅಧಿಕಾರ ಕೇಂದ್ರದ ಬಳಿ ಇರುವವರೆಗೆ ಯಾವ ಆಯೋಗ ಎಷ್ಟು ಪಾಲು ಕೊಟ್ಟರೂ ಪ್ರಯೋಜನವಿಲ್ಲ. ಸಂವಿಧಾನದ 270ನೇ ವಿಧಿಗೆ ತಿದ್ದುಪಡಿಯಾಗಬೇಕು. ಸೆಸ್ ಮತ್ತು ಸರ್‌ಚಾರ್ಜ್‌ಗಳಿಗೆ ಒಟ್ಟು ತೆರಿಗೆಯ ಇಂತಿಷ್ಟು ಭಾಗ ಎಂಬ ಮಿತಿ, ಇಂತಿಷ್ಟು ವರ್ಷ ಎಂಬ ಗಡುವು ಬೇಕು. ಮಿತಿ ಮೀರಿದ ಪ್ರತಿ ರೂಪಾಯಿ ತಾನಾಗಿಯೇ ಹಂಚಿಕೆಯ ನಿಧಿಗೆ ಬೀಳಬೇಕು. ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ 28 ಮಂದಿ ಪಕ್ಷ ಮರೆತು, ಬಿಹಾರದ 40 ಮಂದಿಯನ್ನು ಜೊತೆಗೆ ಕರೆದುಕೊಂಡು ಈ ಒಂದು ತಿದ್ದುಪಡಿಯನ್ನು ಕೇಳಲಿ. ಕೇಳದವರು ಯಾವ ಪಕ್ಷದವರೇ ಆಗಲಿ, ಮುಂದಿನ ಸಲ ಮತ ಕೇಳಲು ಬಂದಾಗ ಅದಕ್ಕೆ ಕಾರಣ ಹೇಳಬೇಕು.