ಬಂಡಿದಾರಿಗೆ ಮುಳ್ಳು ಹಚ್ಚಬೇಡಿ, ನಡೆಯುವವರು ಬರಲಿ

ರವಿವಾರ ಬೆಳಿಗ್ಗೆ ಹೊಲದ ಒಡ್ಡಿನ ಮೇಲೆ ಬೂಟುಗಾಲಿನ ಸಾಲು ಕಂಡರೆ ನಮ್ಮ ಕಡೆಯ ರೈತರಿಗೆ ಮೈ ಉರಿಯುತ್ತದೆ. ನನಗೂ ಉರಿಯುತ್ತಿತ್ತು. ಈಗ ಅಷ್ಟು ಉರಿಯುವುದಿಲ್ಲ. ಯಾಕೆ ಎಂಬುದನ್ನು ಬರೆಯುತ್ತೇನೆ, ಒಪ್ಪದಿದ್ದರೆ ಬೈದು ಬರೆಯಿರಿ.

ನನ್ನ ಮೂರು ಎಕರೆ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆ ಹಿಡಿದು ವಿಮಾನ ನಿಲ್ದಾಣ ದಾಟಿದ ಮೇಲೆ. ಅರ್ಧ ಎರೆ, ಅರ್ಧ ಮಸಾರಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. 2017ರ ಡಿಸೆಂಬರಿನಲ್ಲಿ ನಿಲ್ದಾಣದ ಹೊಸ ಕಟ್ಟಡ ಶುರುವಾದ ಮೇಲೆ ಈ ಕಡೆಗೆ ಪೇಟೆ ಓಡೋಡಿ ಬಂತು. ಪೇಟೆಯ ಹಿಂದೆ ನಡೆಯುವವರೂ ಬಂದರು. ಮೊದಲು ಅವರಿಗೆ ನೃಪತುಂಗ ಬೆಟ್ಟ ಹತ್ತಿಳಿದರೆ, ಉಣಕಲ್ ಕೆರೆಗೆ ಒಂದು ಸುತ್ತು ಹಾಕಿದರೆ ಸಾಕಿತ್ತು. ತೀರಾ ಹುರುಪಿನವರು ಶಾಲ್ಮಲೆ ಹುಟ್ಟುವ ಜಾಗ ನೋಡಲು ಧಾರವಾಡದ ಸೋಮೇಶ್ವರಕ್ಕೆ ಹೋಗಿ ಬರುತ್ತಿದ್ದರು. ಈಗ ಅವರಿಗೆ ಹೊಲ ಬೇಕು, ಹಕ್ಕಿ ಬೇಕು.

ಬಂದವರು ಮಾಡುವ ಹಾನಿ ಸುಳ್ಳಲ್ಲ. ಹಸಿ ಎರೆಯಲ್ಲಿ ಕಾಲಿಟ್ಟು ಹೊಲ ಗಟ್ಟಿ ಮಾಡುತ್ತಾರೆ. ಕಡಲೆ ಸುಲಗಾಯಿ ಕಂಡರೆ ಗಿಡ ಸಮೇತ ಕಿತ್ತು ತಿನ್ನುತ್ತ ಹೋಗುತ್ತಾರೆ. ಒಬ್ಬರು ಒಂದು ಗಿಡ ಅಂದರೂ ಇಪ್ಪತ್ತು ಮಂದಿಗೆ ಇಪ್ಪತ್ತು ಗಿಡ. ಹೋದ ವರ್ಷ ನನ್ನ ಎತ್ತು ಚುರುಮುರಿ ಚೀಲ ನುಂಗಿ ಎರಡು ದಿನ ಮೇವು ಮುಟ್ಟಲಿಲ್ಲ. ಬೂಟಿಗೆ ಅಂಟಿಕೊಂಡು ಕಾಂಗ್ರೆಸ್ ಕಸದ ಬೀಜವೂ ಬರುತ್ತದೆ. (ಅದೇನು ನಮ್ಮಲ್ಲಿ ಕಡಿಮೆ ಇದೆಯೇ ಅನ್ನಬೇಡಿ.)

ಇದೇ ಸಿಟ್ಟಿಗೆ ನನ್ನ ಬಾಜೂ ಹೊಲದವರು ಬಂಡಿದಾರಿಗೆ ಅಡ್ಡ ಜಾಲಿಮುಳ್ಳು ಹಚ್ಚಿದರು.

“ಕಾಕಾ, ದಾರಿಗೆ ಯಾಕ ಮುಳ್ಳು ಹಚ್ಚೀರಿ?”

“ಮಂದಿ ಅಡ್ಡಾಡಿ ಹೊಲಾ ಹಾಳ ಮಾಡ್ತಾರಪಾ. ದಾರಿನ ಬ್ಯಾಡ.”

“ಮತ್ತ ನನ್ನ ಬಂಡಿ?”

“ನೀ ಆ ಕಡಿಂದ ಸುತ್ತ ಹಾಕ್ಕೊಂಡು ಬಾ.”

ಆ ಕಡೆಯ ಕಥೆ ಕಾಕಾಗೆ ಗೊತ್ತಿಲ್ಲವೆಂದಲ್ಲ. ಅಲ್ಲಿ ಹಳ್ಳಕ್ಕೆ ಇಳಿಯುವ ಕಾಲುದಾರಿ ಒಂದಿತ್ತು. ನಮ್ಮ ಅವ್ವ ಆ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದಳು. ಮನೆಮನೆಗೆ ಬೋರು, ಟ್ರ್ಯಾಕ್ಟರು ಬಂದ ಮೇಲೆ ನಾವು ಅಲ್ಲಿ ನಡೆಯುವುದು ಬಿಟ್ಟೆವು. ಕಂಟಿ ಬೆಳೆಯಿತು. ಆಮೇಲೆ ಲೇಔಟಿನವರು ಬಂದು ಒಂದೇ ವಾರದಲ್ಲಿ ಗರಸು ಹಾಕಿ ಸಪಾಟು ಮಾಡಿದರು. “ಇಲ್ಲಿ ದಾರಿ ಇತ್ತರೀ” ಅಂದೆವು. “ಯಾರು ಅಡ್ಡಾಡತಿದ್ರು ತೋರಸರಿ” ಅಂದರು. ತೋರಿಸಲು ಒಬ್ಬರೂ ಇರಲಿಲ್ಲ. ನಾವು ನಕಾಶೆ ತೆಗೆಸುವ ಹೊತ್ತಿಗೆ ಕಂಪೌಂಡು ಎದ್ದಿತ್ತು.

ನಕಾಶೆಯ ಮಾತು ಹೇಳಿಕೊಟ್ಟವರೂ ರವಿವಾರ ನಡೆಯಲು ಬರುವವರಲ್ಲೇ ಒಬ್ಬರು, ನಿವೃತ್ತ ತಲಾಟಿ. ನಾನು ಬೈಯಲು ಹೋದವ ಅವರ ಹತ್ತಿರ ಪಾಠ ಕಲಿತು ಬಂದೆ. ಪ್ರತಿ ಊರಿಗೂ ಸರ್ವೆ ಇಲಾಖೆಯ ಗ್ರಾಮ ನಕಾಶೆ ಇರುತ್ತದೆ. ಅದರಲ್ಲಿ ಜೋಡಿ ತುಂಡುಗೆರೆ ಇದ್ದರೆ ಬಂಡಿದಾರಿ, ಒಂಟಿ ತುಂಡುಗೆರೆ ಇದ್ದರೆ ಕಾಲುದಾರಿ. ಈಗ ಕಂದಾಯ ಇಲಾಖೆಯ ಜಾಲತಾಣದಲ್ಲೂ ಸಿಗುತ್ತದೆ, ಮಕ್ಕಳಿಗೆ ಹೇಳಿದರೆ ಮೊಬೈಲಿನಲ್ಲಿ ತೆಗೆದುಕೊಡುತ್ತಾರೆ. ಕಾಕಾ ಮುಳ್ಳು ಹಚ್ಚಿದ ದಾರಿ ನಕಾಶೆಯಲ್ಲಿ ಜೋಡಿ ಗೆರೆಯಾಗಿ ಚೊಕ್ಕಟ ಕಾಣುತ್ತದೆ. ಆದರೆ ಬರೀ ಗೆರೆ ಹಿಡಿದುಕೊಂಡು ಏನು ಮಾಡುವುದು? ವಾರಕ್ಕೊಮ್ಮೆ ಇಪ್ಪತ್ತು ಮಂದಿ ನಡೆದ ದಾರಿಯನ್ನು ರಾತ್ರೋರಾತ್ರಿ ಗರಸಿನಲ್ಲಿ ಮುಚ್ಚುವುದು ಅಷ್ಟು ಸುಲಭವಲ್ಲ. ಆ ಇಪ್ಪತ್ತು ಮಂದಿಯಲ್ಲಿ ಮಾಸ್ತರರು ಇದ್ದಾರೆ, ವಕೀಲರು ಇದ್ದಾರೆ. ನಾವು ಕರೆದರೆ ಬರದ ಅಧಿಕಾರಿ ಅವರು ಕರೆದರೆ ಬರುತ್ತಾನೆ. ಇದು ನನಗೆ ಸಂತೋಷದ ವಿಷಯವಲ್ಲ, ಆದರೆ ಇರುವುದೇ ಹೀಗೆ.

ಇಂಗ್ಲೆಂಡಿನಲ್ಲಿ ಹೊಲದ ನಡುವೆ ಹಾದುಹೋಗುವ ಕಾಲುದಾರಿಗಳನ್ನು ನಕಾಶೆಯಲ್ಲಿ ಗುರುತಿಸಿದ್ದಾರೆ. ರೈತ ಅದರ ಮೇಲೆ ನೇಗಿಲು ಹೊಡೆಯಬಹುದು, ಆದರೆ ಬಿತ್ತನೆಗೆ ಹೊಲ ಹದ ಮಾಡಿದ 14 ದಿನದೊಳಗೆ ದಾರಿಯನ್ನು ಮತ್ತೆ ನಡೆಯುವಂತೆ ಮಾಡಿಕೊಡಬೇಕು. 1990ರ ಕಾಯಿದೆ ಅದು. ನಮಗೆ ಅಷ್ಟೆಲ್ಲ ಬೇಕಿಲ್ಲ. ಇರುವ ಗೆರೆ ಉಳಿದರೆ ಸಾಕು.

ಹೊಲದಲ್ಲಿ ಸುಮ್ಮನೆ ತಿರುಗಾಡುವುದು ಪೇಟೆಯವರ ಶೋಕಿ ಅನ್ನುವವರಿಗೆ ಒಂದು ಮಾತು. ಶೀಗಿ ಹುಣ್ಣಿಮೆಗೆ, ಎಳ್ಳ ಅಮವಾಸ್ಯೆಗೆ ನಾವು ಮಾಡುತ್ತಿದ್ದುದೇನು? ಬಂಡಿ ಕಟ್ಟಿಕೊಂಡು, ಬೀಗರು, ನೆರೆಹೊರೆ, ಹೊಲ ಇಲ್ಲದವರು ಎಲ್ಲರನ್ನೂ ಕರೆದುಕೊಂಡು ಹೋಗಿ ಚರಗ ಚೆಲ್ಲಿ, ಉಂಡು, ಸಂಜೆಯವರೆಗೆ ಒಡ್ಡಿನಿಂದ ಒಡ್ಡಿಗೆ ತಿರುಗುತ್ತಿದ್ದೆವು. ಯಾರದು ಈ ಬದು ಅಂತ ಯಾರೂ ಕೇಳುತ್ತಿರಲಿಲ್ಲ. ಬೆಳೆಗೆ ಹುಳ ಬಿದ್ದದ್ದು, ಒಡ್ಡು ಒಡೆದದ್ದು ಆವತ್ತೇ ಕಣ್ಣಿಗೆ ಬೀಳುತ್ತಿತ್ತು. ಈಗ ಬೈಕಿನಲ್ಲಿ ಹೋಗಿ, ಮೋಟರು ಚಾಲೂ ಮಾಡಿ ವಾಪಸ್ಸು ಬರುವ ನಾವು ನಮ್ಮ ಹೊಲದ ನಾಲ್ಕೂ ಮೂಲೆ ನೋಡಿ ಎಷ್ಟು ದಿನವಾಯಿತು?

ಹಾಗಂತ ಬಂದವರನ್ನು ಅವರ ಪಾಡಿಗೆ ಬಿಡಬಾರದು. ನಾನು ಈಗ ಅವರ ಮುಂದೆ ಮುಂದೆ ನಡೆಯುತ್ತೇನೆ. ಮಳೆಯಾದ ಎರಡು ಮೂರು ದಿನ ಬರಬೇಡಿ ಎಂದು ಹೇಳಿದ್ದೇನೆ, ಕೇಳುತ್ತಾರೆ. ದಾರಿಗೆ ರೊಕ್ಕ ಕೇಳುವುದಿಲ್ಲ, ದಾರಿ ನನ್ನಪ್ಪನದಲ್ಲ. ಆದರೆ ಸುಲಗಾಯಿ ಬೇಕಾದರೆ ನಾನೇ ಕಿತ್ತು, ಸೂಡು ಕಟ್ಟಿ ಮಾರುತ್ತೇನೆ. ಜೋಳ ಹಾಲುಗಾಳು ಹಿಡಿದಾಗ ಸೀತನಿ ಸುಟ್ಟು, ಬೆಲ್ಲ, ಶೇಂಗಾ ಹಿಂಡಿ ಹಚ್ಚಿ ಕೊಡುತ್ತೇವೆ. ಹೋದ ಸಲ ಮಾರಾಟಕ್ಕೆ ಪೇಟೆಗೆ ಒಯ್ಯಲೇ ಇಲ್ಲ, ಒಡ್ಡಿನ ಮೇಲೇ ತೀರಿತು. ರಾತ್ರಿ ಕಡಲೆ ಬೆಳೆಯ ಮೇಲೆ ಬಿಳಿ ಅರಿವೆ ಹಾಸಿ, ಬೆಳಿಗ್ಗೆ ಹಿಂಡಿ ಹುಳಿ ತೆಗೆಯುವುದನ್ನು ತೋರಿಸಿದರೆ ದೊಡ್ಡ ದೊಡ್ಡವರು ಹುಡುಗರಂತೆ ಸುತ್ತ ಕೂತು ನೋಡುತ್ತಾರೆ. ಹೊಟ್ಟೆನೋವಿಗೆ ಅವ್ವ ಕೊಡುತ್ತಿದ್ದಳು ಅಂದರೆ ಸಣ್ಣ ಸೀಸೆಯಲ್ಲಿ ಕೇಳಿ ಒಯ್ಯುತ್ತಾರೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಅದು ರಾಮ್‌ಸರ್ ಪಟ್ಟಿ ಸೇರಿತು. ನೋಡಲು ಮಂದಿ ಬರುವುದು ಕೆರೆಗೆ, ಹಕ್ಕಿಗೆ ಕೂಳು ಹಾಕುವುದು ರೈತರ ಹೊಲ. ನೋಡುವವರು ಹೊಲದವರೆಗೂ ನಡೆದು ಬಂದರೆ ಆ ಲೆಕ್ಕ ಅವರಿಗೂ ತಿಳಿದೀತು.

ಬರುವ ಎಳ್ಳ ಅಮವಾಸ್ಯೆಗೆ ಚರಗಕ್ಕೆ ಬರಬಹುದೇ ಎಂದು ತಲಾಟಿಯವರು ಕೇಳಿದ್ದಾರೆ, ಹದಿನೈದು ಮಂದಿಯಂತೆ. ನಮ್ಮ ಮನೆಯಾಕೆ ಈಗಲೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಲೆಕ್ಕ ಹಾಕುತ್ತಿದ್ದಾಳೆ. ಬಂಡಿ ಕಟ್ಟಿಯೇ ಹೋಗಬೇಕೆಂದು ನನ್ನ ಆಸೆ. ಕಾಕಾ ಇನ್ನೂ ಮುಳ್ಳು ತೆಗೆದಿಲ್ಲ. ಅವರನ್ನೂ ಊಟಕ್ಕೆ ಕರೆದಿದ್ದೇನೆ.