ಅಂಗೈಯ ಸುದ್ದಿ, ಕಾವೇರಿಯ ಲೆಕ್ಕ

ಕಾವೇರಿ ಸುದ್ದಿಯಾದ ದಿನಗಳಲ್ಲಿ, ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಒಂದೇ ಮೊಬೈಲಿನಲ್ಲಿ ಎರಡು ನದಿಗಳು ಕಾಣಿಸುತ್ತವೆ. ಊರಿನ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿಯುವ ಕಾವೇರಿ, ಬತ್ತುತ್ತಿರುವ ಕೃಷ್ಣರಾಜಸಾಗರದಿಂದ ಬಲವಂತವಾಗಿ ಹೊರಡಿಸಲ್ಪಟ್ಟದ್ದು. ಕಚೇರಿಯ ಸಹೋದ್ಯೋಗಿಗಳ ಗುಂಪಿನ ಕಾವೇರಿಯಾದರೋ ತಂಜಾವೂರಿನ ಸಂಬಾ ಭತ್ತಕ್ಕೆ ತಲುಪದೆ ಹೋದದ್ದು. ಎರಡು ಭಾಷೆಗಳನ್ನೂ ಬಲ್ಲ ನಾವು ಬೆಳಗಿನಿಂದ ರಾತ್ರಿಯವರೆಗೆ ಎರಡನ್ನೂ ನೋಡುತ್ತೇವೆ. ಇಷ್ಟೆಲ್ಲ ನೋಡಿದ ಮೇಲೆ ನಮ್ಮ ತಿಳಿವಳಿಕೆಗೆ ಸೇರಿದ್ದೇನು? ಸುದ್ದಿಯ ಕೊರತೆಯಂತೂ ಇಲ್ಲ. ಬಂದ ಸುದ್ದಿಯನ್ನು ಕೂಡಿ ಕಳೆದು ನೋಡುವ ವ್ಯವಧಾನವೇ ಈ ಪುಟ್ಟ ಪರದೆಯ ಮುಂದೆ ಕಳೆದುಹೋಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

2016ರ ಸೆಪ್ಟೆಂಬರನ್ನೇ ನೋಡೋಣ. ಆ ತಿಂಗಳ 5ರಂದು ಸುಪ್ರೀಂ ಕೋರ್ಟು, ಕರ್ನಾಟಕವು ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಆದೇಶಿಸಿತು. 12ರಂದು ಆ ಆದೇಶವನ್ನು ತಿದ್ದಿ, 20ನೆಯ ತಾರೀಖಿನವರೆಗೆ 12,000 ಕ್ಯೂಸೆಕ್ ಬಿಡಬೇಕೆಂದಿತು. ಇದು ಕಡಿತವೋ ಹೆಚ್ಚಳವೋ? ದಿನದ ಹರಿವನ್ನು ನೋಡಿದರೆ ಕಡಿತ. ದಿನಗಳನ್ನು ಎಣಿಸಿದರೆ ಹೆಚ್ಚಳ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿಯ ಹರಿವು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿಯ ಮೊತ್ತ. ಸುಮಾರು 11,574 ಕ್ಯೂಸೆಕ್ ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಈ ಲೆಕ್ಕದಂತೆ ಮೊದಲ ಆದೇಶದ ಒಟ್ಟು ನೀರು 13 ಟಿಎಂಸಿಗೆ ತುಸು ಕಡಿಮೆ. ತಿದ್ದಿದ ಆದೇಶದಿಂದ ಅದಕ್ಕೆ ಮೂರು ಟಿಎಂಸಿಗೂ ಹೆಚ್ಚು ಸೇರಿತು. ‘ಇಳಿಸಿದರು’ ಎಂದವರೂ ಸುಳ್ಳು ಹೇಳಲಿಲ್ಲ, ‘ಏರಿಸಿದರು’ ಎಂದವರೂ ಸುಳ್ಳು ಹೇಳಲಿಲ್ಲ. ಒಂದು ಗುಂಪಿಗೆ ಒಂದು ಅರ್ಧಸತ್ಯ, ಇನ್ನೊಂದಕ್ಕೆ ಇನ್ನೊಂದು. ಎರಡನ್ನೂ ಜೋಡಿಸುವುದಕ್ಕೆ ಬೇಕಾದದ್ದು ಪ್ರೌಢಶಾಲೆಯ ಗುಣಾಕಾರ ಮಾತ್ರ.

ಅದೇ 12ರಂದು ನಡೆದ ಉಳಿದ ಸಂಗತಿಗಳನ್ನು ಹೊರನಾಡ ಕನ್ನಡಿಗರು ಮರೆತಿರಲಾರರು. ಬೆಂಗಳೂರಿನಲ್ಲಿ ಯುವಕನೊಬ್ಬನನ್ನು ಥಳಿಸುವ ವಿಡಿಯೊ ಅಷ್ಟರಲ್ಲಾಗಲೇ ತಮಿಳುನಾಡಿನ ಮೊಬೈಲುಗಳನ್ನೆಲ್ಲ ಸುತ್ತಿತ್ತು. ನಸುಕಿನಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬುಗಳು ಬಿದ್ದವು. ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳ ಮೇಲಾದ ದಾಳಿಯ ದೃಶ್ಯ ಬೆಂಗಳೂರಿಗೆ ಹೋಯಿತು. ಸಂಜೆಯ ಹೊತ್ತಿಗೆ ಅಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಉರಿದವು. ಪೊಲೀಸರ ಗುಂಡಿಗೆ ಒಬ್ಬರು ಬಲಿಯಾದರು. ಆದೇಶದ ಪ್ರತಿಗಿಂತ ದೃಶ್ಯಗಳು ಎಷ್ಟು ಬೇಗ ಕೈಗೆ ಬಂದವು ಎಂಬುದನ್ನು ಗಮನಿಸಬೇಕು.

ಹಾಗೆಂದು ‘ಪತ್ರಿಕೆಯ ಕಾಲವೇ ಚೆನ್ನಾಗಿತ್ತು’ ಎಂಬ ರಾಗವನ್ನು ನಾವು ಹಾಡಲಾರೆವು. 1991ರ ಡಿಸೆಂಬರಿನಲ್ಲಿ, ನ್ಯಾಯಮಂಡಳಿಯ ಮಧ್ಯಂತರ ಆದೇಶದ ತರುವಾಯ ಬೆಂಗಳೂರು ಹೊತ್ತಿ ಉರಿದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ವದಂತಿಗೆ ಬಾಯಿಯೊಂದಿದ್ದರೆ ಸಾಕು. ಹೊಸದಾಗಿರುವುದು ದ್ವೇಷವಲ್ಲ, ತಿಳಿದುಕೊಂಡೆವೆಂಬ ಭಾವ ಹೊಸದು. ಪತ್ರಿಕೆ ಓದದವನಿಗೆ ತಾನು ಓದಿಲ್ಲವೆಂಬುದು ಗೊತ್ತಿರುತ್ತಿತ್ತು. ಇಂದು ನಲವತ್ತು ತಲೆಬರಹಗಳನ್ನು ಹೆಬ್ಬೆರಳಿನಿಂದ ಸರಿಸಿದವನಿಗೆ ಅದು ಗೊತ್ತಾಗುವುದಿಲ್ಲ.

ಅಮೆರಿಕದ ಜೊಹಾನಾ ಡನವೇ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಓದುಗರ ಕಣ್ಣಿನ ಚಲನೆಯನ್ನೇ ಅಳೆದು ನೋಡಿದ್ದಾರೆ. ಕಂಪ್ಯೂಟರಿನಲ್ಲಿ ಓದುವವರಿಗಿಂತ ಮೊಬೈಲಿನಲ್ಲಿ ಓದುವವರು ಸುದ್ದಿಯ ಮೇಲೆ ಕಡಿಮೆ ಹೊತ್ತು ನಿಲ್ಲುತ್ತಾರೆ. ಸುದ್ದಿಯೊಳಗಿನ ಕೊಂಡಿಗಳನ್ನೂ ಕಡಿಮೆ ಗಮನಿಸುತ್ತಾರೆ. ಕೊಂಡಿಯ ಮಾತು ನಮಗೆ ಮುಖ್ಯವೆನಿಸಿತು. ಆದೇಶದ ಮೂಲಪ್ರತಿ ಇರುವುದು ಆ ಕೊಂಡಿಯ ಆಚೆಗೇ ಅಲ್ಲವೇ? ಸರ್ಕಾರಿ ಕಚೇರಿಗಳಲ್ಲಿ ಕಡತದ ಮೇಲೆ ಟಿಪ್ಪಣಿ ಬರೆಯುವ ಮುನ್ನ ಮೂಲ ಆದೇಶವನ್ನು ಲಗತ್ತಿಸಿ ಪುಟಸಂಖ್ಯೆ ನಮೂದಿಸುವ ಪದ್ಧತಿಯುಂಟು. ಈ ನಿಧಾನಗತಿಯನ್ನು ಹೊರಗಿನವರು ಗೇಲಿ ಮಾಡುತ್ತಾರೆ, ಮಾಡಲಿ. ಅದೇ ಕಚೇರಿಯ ಊಟದ ವಿರಾಮದಲ್ಲಿ, ಅದೇ ಜನ, ಮೂಲವೇ ಇಲ್ಲದ ಸಂದೇಶವನ್ನು ಮೂರು ಗುಂಪುಗಳಿಗೆ ದಾಟಿಸುವುದನ್ನು ಕಾಣುವಾಗ ಪುಟಸಂಖ್ಯೆಯ ಬೆಲೆ ಅರಿವಾಗುತ್ತದೆ. ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಹದಿನಾಲ್ಕು ಸಾಲಿನ ಪದ್ಯಕ್ಕೆ ಒಂದು ಗಂಟೆ ಕೊಡುವುದನ್ನು ಕಲಿತವರು ಎರಡು ಸಾಲಿನ ತಲೆಬರಹಕ್ಕೆ ಎರಡು ನಿಮಿಷ ಕೊಡಲಾರರೇ?

ಜಲಾಶಯದ ಮಟ್ಟದ ಸುದ್ದಿಯೂ ಇಂಥದ್ದೇ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ನೀರು ನೂರು ಅಡಿಗೆ ಇದೆಯೆಂಬ ಚಿತ್ರ ಮೊಬೈಲಿಗೆ ಬಂದರೆ, ಐದರಲ್ಲಿ ನಾಲ್ಕು ಪಾಲು ತುಂಬಿದೆಯೆಂದು ಇಲ್ಲಿಯ ಮಿತ್ರರು ಪ್ರಾಮಾಣಿಕವಾಗಿಯೇ ಭಾವಿಸುತ್ತಾರೆ. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ; ನೂರು ಅಡಿಯಲ್ಲಿ ಇರುವ ನೀರು ಪೂರ್ಣ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಇತ್ತ ಬೆಂಗಳೂರಿನ ಬಂಧುಗಳಿಗೆ ತಿಳಿಯದ ಸಂಗತಿಯೂ ಒಂದಿದೆ. 2004ರಿಂದ ವೀರಾಣಂ ಕೆರೆಯ ನೀರು ಇನ್ನೂರು ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಚೆನ್ನೈಗೆ ಬರುತ್ತಿದೆ. ಆ ಕೆರೆಯನ್ನು ತುಂಬಿಸುವುದು ಬಹುಮಟ್ಟಿಗೆ ಕೊಳ್ಳಿಡಂನಿಂದ ಬರುವ ಕಾವೇರಿಯೇ. ಅಂದರೆ ‘ಅವರಿಗೆ ಬಿಟ್ಟ’ ನೀರನ್ನು ಇಲ್ಲಿಯ ಕನ್ನಡಿಗರೂ ಕುಡಿಯುತ್ತಿದ್ದಾರೆ.

ಎರಡೂ ಗುಂಪುಗಳಲ್ಲಿ ಹೆಸರಿರುವವರು ನಾವು. ಆ ಕಾರಣಕ್ಕೆ ನಮ್ಮ ಮೇಲೊಂದು ಹೊಣೆಯೂ ಇದೆ. ಅದು ಶಾಂತಿಮಂತ್ರ ಪಠಿಸುವ ಹೊಣೆಯಲ್ಲ. ಕ್ಯೂಸೆಕ್ ಬಂದಲ್ಲಿ ಎಷ್ಟು ದಿನ ಎಂದು ಕೇಳುವುದು, ಅಡಿ ಬಂದಲ್ಲಿ ಎಷ್ಟು ಟಿಎಂಸಿ ಎಂದು ಕೇಳುವುದು, ಉತ್ತರವನ್ನು ಅಲ್ಲಿ ಕನ್ನಡದಲ್ಲೂ ಇಲ್ಲಿ ತಮಿಳಿನಲ್ಲೂ ಬರೆದು ಹಾಕುವುದು, ಇಷ್ಟೇ. 2023ರ ಸೆಪ್ಟೆಂಬರಿನಲ್ಲಿ 5,000 ಕ್ಯೂಸೆಕ್, ಹದಿನೈದು ದಿನ ಎಂಬ ಆದೇಶ ಬಂದು ಬೆಂಗಳೂರು ಬಂದ್ ಆದಾಗ, ಅದು ಸುಮಾರು ಆರೂವರೆ ಟಿಎಂಸಿ ಎಂದು ಎಷ್ಟು ಗುಂಪುಗಳಲ್ಲಿ ಯಾರು ಹೇಳಿದರು? ಹೇಳಿದರೆ ಮೆಚ್ಚುಗೆಯ ಹೆಬ್ಬೆರಳು ಬರಲಾರದು. ‘ನೀವು ಯಾವ ಕಡೆ?’ ಎಂಬ ಪ್ರಶ್ನೆ ಎರಡೂ ಕಡೆಯಿಂದ ಬಂದೀತು. 2018ರ ಫೆಬ್ರವರಿ 16ರ ಅಂತಿಮ ತೀರ್ಪು ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿದೆ. ತಮಿಳುನಾಡಿಗೆ 177.25 ಟಿಎಂಸಿ ಎಂಬ ಅಂಕಿ ಎಲ್ಲಿಂದ ಬಂತೆಂಬುದು ಅದರಲ್ಲಿದೆ. ಅದನ್ನು ತೆರೆಯಲು ಇದೇ ಮೊಬೈಲ್ ಸಾಕು.